ಬೇರು ಕೇಳುವುದು ನೀರನ್ನಷ್ಟೇ ಅಲ್ಲ

ಚನ್ನಪಟ್ಟಣ ಸೀಮೆಯ ಕೆರೆ ಏರಿಯ ಕೆಳಗಿನ ಬಯಲು, ಮಾರ್ಚ್ ತಿಂಗಳ ಬೆಳಗು. ಒಂದು ಕಾಲಕ್ಕೆ ಭತ್ತದ ಪೈರು ತೂಗುತ್ತಿದ್ದ ಗದ್ದೆಗಳಲ್ಲಿ ಈಗ ಎರಡು ವರ್ಷದ ಬಾದಾಮಿ ಮಾವಿನ ಸಸಿಗಳು ಸಾಲು ಹಿಡಿದು ನಿಂತಿವೆ. ನೆಲ ಬಿರಿದು ಬೆರಳು ತೂರುವಷ್ಟು ಸೀಳಾಗಿದೆ. ಬಿಸಿಲು ಇನ್ನೂ ಏರಿಲ್ಲ, ಆಗಲೇ ಕೆಲವು ಸಸಿಗಳ ಎಲೆ ಜೋತುಬಿದ್ದಿದೆ. ಕಂಡವರೆಲ್ಲ ಹೇಳುವುದು ಒಂದೇ ಮಾತು: ನೀರು ಸಾಲದು, ಮೋಟಾರ್ ಹಾಕಿ.

ಜೇಡಿಮಣ್ಣಿನಲ್ಲಿ ಈ ಅವಸರ ಗಿಡದ ಜೀವಕ್ಕೇ ಮುಳುವಾದೀತು. ಇಲ್ಲಿ ನೀರು ಸಾಲದ ಗಿಡವೂ ಬಾಡುತ್ತದೆ, ನೀರು ಹೆಚ್ಚಾದ ಗಿಡವೂ ಬಾಡುತ್ತದೆ. ಮಣ್ಣಿನ ಸಂದುಗಳಲ್ಲಿ ನೀರೇ ತುಂಬಿಕೊಂಡರೆ ಗಾಳಿಗೆ ಜಾಗವಿಲ್ಲ. ಉಸಿರು ಕಟ್ಟಿದ ಬೇರು ಪಕ್ಕದಲ್ಲೇ ಇರುವ ನೀರನ್ನೂ ಎಳೆದುಕೊಳ್ಳಲಾರದು.

ಮೊದಲು ಗಿಡವನ್ನು ನೋಡಬೇಕು. ತಾಮ್ರಬಣ್ಣದ ಎಳೆ ತಳಿರು ಇಳಿಬಿದ್ದಿದ್ದರೆ ಭಯ ಬೇಡ, ಮಾವಿನ ಚಿಗುರಿನ ಸ್ವಭಾವವೇ ಅದು. ಮಧ್ಯಾಹ್ನ ಬಾಡಿ ಸಂಜೆಗೆ ಚೇತರಿಸಿಕೊಂಡರೆ ಬಿಸಿಲಿನ ಝಳ ಅಷ್ಟೇ. ಹೊತ್ತು ಹುಟ್ಟುವ ಮುಂಚೆಯೂ ಬಲಿತ ಎಲೆ ಸೋತೇ ಇದ್ದರೆ ತೊಂದರೆ ಬೇರಿನಲ್ಲಿದೆ. ಅಂಚು ಸುಟ್ಟು ಗರಿಗರಿಯಾದ ಎಲೆ ಬಾಯಾರಿಕೆಯ ಕಡೆಗೆ ಬೊಟ್ಟು ಮಾಡುತ್ತದೆ. ಮೆತ್ತಗೆ ಹಳದಿಗೆ ತಿರುಗಿ ಉದುರುವ ಎಲೆ ನೀರು ನಿಂತಿರುವ ಕಡೆಗೆ. ಆದರೂ ಎಲೆಯ ಸಾಕ್ಷಿಯೊಂದೇ ಸಾಲದು.

ಗುದ್ದಲಿ ಹಿಡಿದು ಬುಡದಿಂದ ಒಂದೂವರೆ ಅಡಿ ದೂರದಲ್ಲಿ ಒಂದಡಿ ಆಳ ತೋಡೋಣ. ಮೇಲಿನ ಮೂರು ಬೆರಳು ಮಣ್ಣು ಹೆಂಟೆ ಹೆಂಟೆಯಾಗಿ ಏಳುತ್ತದೆ, ಕಲ್ಲಿನಷ್ಟು ಗಟ್ಟಿ. ಅದರ ಕೆಳಗೆ ಗುದ್ದಲಿಗೆ ಅಂಟುವ ಜಿಗಟು. ಒಂದು ಹಿಡಿ ತೆಗೆದು ಹೆಬ್ಬೆರಳು ತೋರುಬೆರಳ ನಡುವೆ ಒತ್ತಿದರೆ ಹೊಳೆಯುವ ಪಟ್ಟಿಯಾಗಿ ಜಾರುತ್ತದೆ. ಬೂದು ಬಣ್ಣ, ಕೊಳೆತ ಮೊಟ್ಟೆಯ ವಾಸನೆ. ಎಳೆಬೇರೊಂದನ್ನು ಎಳೆದರೆ ಕಪ್ಪು ಸಿಪ್ಪೆ ಕೈಯಲ್ಲೇ ಕಳಚಿ ಬಿಳಿ ನಾರು ಮಾತ್ರ ಉಳಿಯುತ್ತದೆ. ಬಿರಿದ ನೆಲದ ಈ ಸಸಿ ನೀರಿನಲ್ಲಿ ಮುಳುಗಿ ಸಾಯುತ್ತಿತ್ತು! ಆಚೆ ಸಾಲಿನ ಸಸಿಯ ಬುಡದಲ್ಲಿ ಒಂದಡಿ ಕೆಳಗೂ ಮಣ್ಣು ಪಟ್ಟಿಯಾಗದೆ ಪುಡಿಯಾಯಿತು, ಬೇರು ಗಟ್ಟಿಯಾಗಿತ್ತು. ಬಾಯಾರಿದ್ದು ಅದು.

ರಾಮನಗರದ ಬೆಟ್ಟದ ಇಳಿಜಾರು, ಮಾಗಡಿ ಕಡೆಯ ಕೆಮ್ಮಣ್ಣಿನ ಹೊಲಗಳಲ್ಲಿ ನೀರು ಸರಾಗವಾಗಿ ಬಸಿಯುತ್ತದೆ. ತಗ್ಗಿನ ಹಳೇ ಗದ್ದೆಗಳದು ಬೇರೆ ಕಥೆ. ವರ್ಷಾನುಗಟ್ಟಲೆ ಕೆಸರು ಉತ್ತಿದ್ದರಿಂದ ನೇಗಿಲ ತಳದಲ್ಲಿ ಗಟ್ಟಿ ಪದರ ಕಟ್ಟಿರುತ್ತದೆ. ಅಂಥಲ್ಲಿ ಮೂರಡಿ ಗುಂಡಿ ತೋಡಿ ಸಡಿಲ ಮಣ್ಣು, ಗೊಬ್ಬರ ತುಂಬಿದರೆ ಆ ಗುಂಡಿಯೇ ಬಾನಿಯಂತೆ ಸುತ್ತಲ ನೀರನ್ನೆಲ್ಲ ತುಂಬಿಕೊಳ್ಳುತ್ತದೆ. ಯಂತ್ರದಿಂದ ತೋಡಿದ್ದರೆ ಒಳಗೋಡೆ ನುಣುಪಾಗಿ, ಬೇರು ಹೊರಗೆ ದಾಟಲಾರದೆ ಒಳಗೇ ಸುತ್ತುತ್ತದೆ.

ಮುಳುಗಿದ ಸಸಿಗೆ ನೀರು ನಿಲ್ಲಿಸಿ, ಸಾಲಿನ ಪಕ್ಕ ಬಸಿಗಾಲುವೆ ತೆಗೆಯಬೇಕು. ಬಾಯಾರಿದ್ದಕ್ಕೆ ಬಿರುಕು ಮುಚ್ಚಿ, ಬುಡ ಬಿಟ್ಟು ರೆಂಬೆಯ ನೆರಳಿನಂಚಿಗೆ ಹನಿಹನಿಯಾಗಿ ನೀರುಣಿಸಬೇಕು. ಒಮ್ಮೆಲೇ ಹರಿಸಿದ ನೀರು ಬಿರುಕಿನಲ್ಲಿಳಿದು ಬೇರಿಗೆ ದಕ್ಕದೆ ಹೋಗುತ್ತದೆ. ಮೇಲೆ ರಾಗಿಹುಲ್ಲೋ ತೆಂಗಿನ ಸಿಪ್ಪೆಯೋ ಹೊದಿಸಿದರೆ ನೆಲ ಬಿರಿಯುವುದೂ ತಗ್ಗುತ್ತದೆ. ಒಂದೇ ತೋಟದಲ್ಲಿ ಎರಡೂ ಬಗೆಯ ಸಸಿಗಳಿರುವಾಗ ಎಲ್ಲಕ್ಕೂ ಒಂದೇ ವಾಲ್ವ್ ತಿರುಗಿಸುವುದು ಸರಿಯಲ್ಲ.

ಹೊಸದಾಗಿ ನೆಡುವವರು ಜೂನ್‌ಗೆ ಮುಂಚೆ ಗುಂಡಿಗೆ ಸಂಜೆ ನೀರು ತುಂಬಿ ನೋಡಲಿ. ಬೆಳಗ್ಗೆಯೂ ಅದು ಹಾಗೇ ನಿಂತಿದ್ದರೆ ಆ ಜಾಗದಲ್ಲಿ ಮಣ್ಣೇರಿಸಿ, ದಿಬ್ಬದ ಮೇಲೆ ಸಸಿ ಕೂರಿಸಲಿ. ಮೂವತ್ತು ನಲವತ್ತು ವರ್ಷ ಫಲ ಕೊಡಬೇಕಾದ ಮರಕ್ಕಾಗಿ ಒಂದು ರಾತ್ರಿ ಕಾಯುವುದು ದುಬಾರಿಯೇನಲ್ಲ.