‘ಪುಟ್ ಆಫ್’ ಎಂದರೆ ಮುಂದೂಡುವುದಷ್ಟೇ ಅಲ್ಲ

ಇಂಗ್ಲಿಷಿನಲ್ಲಿ ಕ್ರಿಯಾಪದದ ಜೊತೆಗೆ ಆಫ್, ಅಪ್, ಔಟ್‌ನಂಥ ಸಣ್ಣ ಪದ ಸೇರಿ, ಎರಡೂ ಕೂಡಿ ಬೇರೆಯೇ ಅರ್ಥ ಕೊಟ್ಟರೆ ಅದು ಫ್ರೇಸಲ್ ವರ್ಬ್. ಕೈ, ಕೊಡು ಎರಡೂ ಗೊತ್ತಿದ್ದವರಿಗೂ ‘ಕೈಕೊಟ್ಟ’ ಎಂಬುದರ ಅರ್ಥ ತಾನಾಗಿ ಹೊಳೆಯದು. ‘ಪುಟ್ ಆಫ್’ ಕೂಡ ಹಾಗೆಯೇ. ಇಂಥ ಜೋಡಿಗಳು ಪರಭಾಷಿಕರಿಗೆ ಬಲು ತೊಡಕೆಂದು ಸ್ಯಾಮ್ಯುಯೆಲ್ ಜಾನ್ಸನ್ 1755ರ ತನ್ನ ನಿಘಂಟಿನ ಮುನ್ನುಡಿಯಲ್ಲೇ ಹೇಳಿದ್ದ.

ಶಾಲೆಯಲ್ಲಿ ‘ಪುಟ್ ಆಫ್’ಗೆ ಕಲಿಸುವ ಅರ್ಥ ಒಂದೇ: ಮುಂದೂಡು. ಸಭೆ, ಪರೀಕ್ಷೆ, ಮದುವೆಯಂಥವುಗಳಿಗೆ ಅದು ಸರಿ. ಆದರೆ ಅದರ ಕರ್ಮ ಮನುಷ್ಯನಾದರೆ ಅರ್ಥವೇ ಬದಲಾಗುತ್ತದೆ. ‘ದ ಸ್ಮೆಲ್ ಪುಟ್ ಮಿ ಆಫ್’ ಎಂದರೆ ಆ ವಾಸನೆಗೆ ಮನಸ್ಸು ಹಿಂಜರಿಯಿತು ಎಂದು. ‘ಪುಟ್ ಮಿ ಆಫ್ ಮೈ ಫುಡ್’ ಎಂದರೆ ಊಟವೇ ಬೇಡವಾಯಿತು. ‘ದ ನಾಯ್ಸ್ ಪುಟ್ ದ ಬ್ಯಾಟ್ಸ್‌ಮನ್ ಆಫ್’ ಎಂದಲ್ಲಿ ಗದ್ದಲದಿಂದ ಆಟಗಾರನ ಗಮನ ತಪ್ಪಿತು. ಸಾಲಗಾರನೊಬ್ಬ ಸಾಲ ಕೊಟ್ಟವರನ್ನು ನೆಪ ಹೇಳಿ ಸಾಗಹಾಕುವುದಕ್ಕೂ ಇದೇ ಮಾತು. ನಿಘಂಟಿನ ಅರ್ಥಗಳನ್ನು ಬಾಯಿಪಾಠ ಮಾಡುವುದಕ್ಕಿಂತ, ಏನನ್ನು ಅಥವಾ ಯಾರನ್ನು ‘ಪುಟ್ ಆಫ್’ ಮಾಡಲಾಗಿದೆ ಎಂದು ನೋಡುವುದೇ ಒಳ್ಳೆಯ ದಾರಿ. ಮನಸ್ಸಿಗೆ ಒಗ್ಗದಂತೆ ಮಾಡುವುದನ್ನು ಬಣ್ಣಿಸುವ ‘ಆಫ್-ಪುಟಿಂಗ್’ ಎಂಬ ವಿಶೇಷಣ ಹುಟ್ಟಿದ್ದೂ ಇದರಿಂದಲೇ.

‘ಪುಟ್ ಆಫ್ ದ ಲೈಟ್’ ಎಂದು ದೀಪ ಆರಿಸಲು ಹೇಳುವುದು ಭಾರತದಲ್ಲಿ ರೂಢಿ. ಬೇರೆಡೆ ‘ಸ್ವಿಚ್ ಆಫ್’, ‘ಟರ್ನ್ ಆಫ್’ಗಳೇ ಹೆಚ್ಚು.

ಪದಗಳ ಜಾಗಕ್ಕೂ ನಿಯಮವಿದೆ. ‘ಪುಟ್ ಆಫ್ ದ ಮೀಟಿಂಗ್’, ‘ಪುಟ್ ದ ಮೀಟಿಂಗ್ ಆಫ್’ ಎರಡೂ ಸರಿ. ಸರ್ವನಾಮ ಬಂದರೆ ನಡುವೆಯೇ ಕೂರಬೇಕು. ‘ಪುಟ್ ಇಟ್ ಆಫ್’ ಸರಿ, ‘ಪುಟ್ ಆಫ್ ಇಟ್’ ತಪ್ಪು. ಕೆಲಸವೊಂದನ್ನು ಮುಂದೂಡುವಾಗ ಕ್ರಿಯಾಪದಕ್ಕೆ ‘ಇಂಗ್’ ಸೇರುತ್ತದೆ: ‘ಹಿ ಪುಟ್ ಆಫ್ ಗೋಯಿಂಗ್ ಟು ದ ಡಾಕ್ಟರ್’. ಇಲ್ಲಿ ‘ಟು ಗೋ’ ಬಾರದು.

ಕನ್ನಡಿಗರು ಎಡವುವ ಜಾಗ ಇನ್ನೊಂದಿದೆ. ನಾವು ‘ಮುಂದೆ ಹಾಕು’ ಎನ್ನುವುದು ತಡಮಾಡುವುದಕ್ಕೆ. ಅದನ್ನೇ ನೆನೆದು ‘ಪುಟ್ ಫಾರ್ವರ್ಡ್’ ಎಂದು ಬರೆದರೆ, ಓದುವವರು ಸಭೆ ಇನ್ನೂ ಬೇಗ ನಡೆಯುತ್ತದೆಂದು ತಿಳಿಯಬಹುದು. ಸಭೆ ಶುಕ್ರವಾರಕ್ಕೆ ಮುಂದೆ ಹೋಗಿದ್ದರೆ ‘ದ ಮೀಟಿಂಗ್ ಹ್ಯಾಸ್ ಬೀನ್ ಪುಟ್ ಆಫ್ ಟಿಲ್ ಫ್ರೈಡೇ’ ಎಂದೇ ಬರೆಯಬೇಕು.