ನೀರಿಗಿಳಿಯೋ ಮುನ್ನ ಕಣ್ಣಿಗೂ ಒಂದು ಕವಚ

ಮೂಲ್ಕಿಯಲ್ಲಿ ಸರ್ಫಿಂಗ್, ದಾಂಡೇಲಿಯಲ್ಲಿ ರಾಫ್ಟಿಂಗ್ ಅಂತ ವೀಕೆಂಡ್ ಪ್ಲಾನ್ ಇದೆಯಾ? ಬ್ಯಾಗಿಗೆ ಸನ್‌ಸ್ಕ್ರೀನ್ ಜೊತೆ ಒಳ್ಳೆಯ ಕೂಲಿಂಗ್ ಗ್ಲಾಸನ್ನೂ ಹಾಕಿಕೊಳ್ಳಿ. ನೀರಿನ ಮೇಲಿದ್ದಾಗ ಬಿಸಿಲು ಮೇಲಿನಿಂದಷ್ಟೇ ಅಲ್ಲ, ಕೆಳಗಿನಿಂದ ಪ್ರತಿಫಲಿಸಿಯೂ ಕಣ್ಣಿಗೆ ಬೀಳುತ್ತೆ. ವರ್ಷಗಟ್ಟಲೆ ಹೀಗಾದರೆ ಕಣ್ಣಿಗೆ ಪೊರೆ ಬರುವ ಸಾಧ್ಯತೆ ಹೆಚ್ಚು.

ಗ್ಲಾಸ್ ಕಪ್ಪಗಿದ್ದರೆ ಸಾಕು ಅಂದುಕೊಳ್ಳಬೇಡಿ. ಕಪ್ಪು ಗ್ಲಾಸಿನ ಹಿಂದೆ ಕಣ್ಣಿನ ಪಾಪೆ ಹಿಗ್ಗುತ್ತೆ. ಗ್ಲಾಸಿಗೆ ಯುವಿ ತಡೆಯುವ ಗುಣ ಇಲ್ಲದಿದ್ದರೆ ಆ ಕಿರಣಗಳು ಇನ್ನಷ್ಟು ಒಳಗೆ ಹೋಗುತ್ತವೆ. ಹಾಗಾಗಿ ‘ಯುವಿ 400’ ಗುರುತು ನೋಡಿ ಕೊಳ್ಳಿ. ಪೋಲರೈಸ್ಡ್ ಲೆನ್ಸ್ ನೀರಿನ ಕಣ್ಣು ಕುಕ್ಕುವ ಹೊಳಪನ್ನು ತಗ್ಗಿಸುತ್ತೆ, ಆದರೆ ಅದೊಂದೇ ಯುವಿಗೆ ಗ್ಯಾರಂಟಿ ಅಲ್ಲ.

ಸುಲಭಕ್ಕೆ ಒಡೆಯದ ಪಾಲಿಕಾರ್ಬೊನೇಟ್ ಲೆನ್ಸ್, ಬದಿಯನ್ನೂ ಮುಚ್ಚುವ ಫ್ರೇಮ್ ಇರಲಿ. ಮೋಡ ಕವಿದಿದ್ದರೂ ಹಾಕಿಕೊಳ್ಳಿ. ತಲೆಯ ಹಿಂದೆ ಬಿಗಿಯುವ ಪಟ್ಟಿಯನ್ನಂತೂ ಮರೀಬೇಡಿ, ಇಲ್ಲದಿದ್ದರೆ ಮೊದಲ ಅಲೆಗೇ ಗ್ಲಾಸ್ ನೀರುಪಾಲು!