ಪದಗಳನ್ನು ಅಳೆಯಹೊರಟ ಇಂಜಿನಿಯರು

ಆಡುಮಾತಿನಲ್ಲಿ ನಾವು ‘ಬಲ’, ‘ಶಕ್ತಿ’ ಎಂಬ ಪದಗಳನ್ನು ಹೆಚ್ಚು ಭೇದವೆಣಿಸದೆ ಬಳಸುತ್ತೇವೆ. ಭೌತವಿಜ್ಞಾನದ ತರಗತಿಯನ್ನು ಹೊಕ್ಕೊಡನೆ ಅವು ಬೇರೆಬೇರೆಯಾಗುತ್ತವೆ. ಒಂದರ ಸ್ಥಾನದಲ್ಲಿ ಮತ್ತೊಂದನ್ನಿಟ್ಟರೆ ಲೆಕ್ಕವೇ ತಪ್ಪುತ್ತದೆ. ಒಂದೇ ಭಾಷೆಯೊಳಗೆ ಹೀಗಾದರೆ, ಹಲವು ಭಾಷೆಗಳನ್ನಾಡುವ ಇಂಜಿನಿಯರುಗಳು ಒಂದೇ ಯಂತ್ರವನ್ನು ಕುರಿತು ಮಾತನಾಡಬೇಕಾದಾಗ ಗತಿಯೇನು? ಈ ಪ್ರಶ್ನೆಗೆ ತನ್ನ ಬಾಳನ್ನು ಮುಡಿಪಿಟ್ಟವನು ಆಸ್ಟ್ರಿಯಾ ದೇಶದ ಒಯ್ಗೆನ್ ವ್ಯೂಸ್ಟರ್.

1898ರಲ್ಲಿ ವೀಸೆಲ್‌ಬುರ್ಗ್ ಎಂಬ ಊರಿನಲ್ಲಿ ಜನಿಸಿದ ವ್ಯೂಸ್ಟರ್, ಹದಿಹರೆಯದಲ್ಲಿಯೇ ಎಸ್ಪೆರಾಂಟೊ ಭಾಷೆಗೆ ಮನಸೋತನು. ಕಣ್ಣಿನ ವೈದ್ಯನಾದ ಜಾಮೆನ್‌ಹೋಫ್ ಎಲ್ಲ ಜನಾಂಗಗಳಿಗೂ ಸಮಾನವಾದ ಎರಡನೆಯ ಭಾಷೆಯೊಂದು ಇರಲೆಂದು ಇದನ್ನು ರಚಿಸಿ, 1887ರಲ್ಲಿ ವಾರ್ಸಾ ನಗರದಲ್ಲಿ ಪ್ರಕಟಿಸಿದ್ದನು. ಇದರ ಪದರಚನೆ ಸರಳವಾದುದು. ‘ಸ್ಕ್ರಿಬಿ’ ಎಂದರೆ ಬರೆಯುವುದು. ‘ಸ್ಕ್ರಿಬಿಲೊ’ ಎಂದರೆ ಬರೆಯುವ ಸಾಧನ. ‘ತ್ರಾಂಚಿ’ ಎಂದರೆ ಕತ್ತರಿಸುವುದು. ‘ತ್ರಾಂಚಿಲೊ’ ಎಂದರೆ ಚಾಕು. ಸಾಧನವನ್ನು ಸೂಚಿಸುವ ಪ್ರತ್ಯಯ ಎಲ್ಲೆಡೆಯೂ ಒಂದೇ. ಒಂದೇ ಅಳತೆಯ ತಿರುಪು ಹಲವು ಯಂತ್ರಗಳಿಗೆ ಹೊಂದುವಂತೆ, ಒಂದೇ ಪ್ರತ್ಯಯ ಹಲವು ಪದಗಳಿಗೆ ಹೊಂದುತ್ತದೆ. ಇಂತಹ ವ್ಯವಸ್ಥೆ ಇಂಜಿನಿಯರನ ಮನಸ್ಸನ್ನು ಸೆಳೆದುದರಲ್ಲಿ ಆಶ್ಚರ್ಯವಿಲ್ಲ.

ಬರ್ಲಿನ್ನಿನಲ್ಲಿ ವಿದ್ಯುತ್ ಇಂಜಿನಿಯರಿಂಗ್ ಓದುತ್ತಿದ್ದಾಗಲೇ ಆತ ಎಸ್ಪೆರಾಂಟೊ–ಜರ್ಮನ್ ಬೃಹನ್ನಿಘಂಟೊಂದಕ್ಕೆ ಕೈಹಾಕಿದನು. 1923ರಿಂದ 1929ರವರೆಗೆ ಅದರ ಭಾಗಗಳು ಅಚ್ಚಾದುವು. ಆದರೆ ಮುದ್ರಣ ‘ಕೆ’ ಅಕ್ಷರಕ್ಕೆ ಬಂದು ನಿಂತಿತು. ಉಳಿದುದನ್ನು ಪುಸ್ತಕರೂಪದಲ್ಲಿ ಕಾಣುವ ಭಾಗ್ಯ ಅವನ ಪಾಲಿಗೆ ಬರಲಿಲ್ಲ.

ಆದರೆ ಆ ಶ್ರಮ ವ್ಯರ್ಥವಾಗಲಿಲ್ಲ. 1931ರಲ್ಲಿ ಆತ ತಾಂತ್ರಿಕ ಭಾಷೆಯ ಅಂತರರಾಷ್ಟ್ರೀಯ ಏಕರೂಪತೆಯನ್ನು ಕುರಿತ ತನ್ನ ಪ್ರಬಂಧವನ್ನು ಜರ್ಮನ್ ಭಾಷೆಯಲ್ಲಿ ಪ್ರಕಟಿಸಿದನು. ಸಾಮಾನ್ಯ ನಿಘಂಟು ಪದದಿಂದ ಹೊರಟು ಅರ್ಥವನ್ನು ಸೇರುತ್ತದೆ. ವ್ಯೂಸ್ಟರನ ಮಾರ್ಗ ಇದಕ್ಕೆ ವಿರುದ್ಧವಾದುದು: ಮೊದಲು ಪರಿಕಲ್ಪನೆಯ ಎಲ್ಲೆಯನ್ನು ಗುರುತಿಸಬೇಕು, ಅನಂತರ ಅದಕ್ಕೊಂದು ಹೆಸರಿಡಬೇಕು.

ಈ ಗ್ರಂಥವನ್ನು ಮೆಚ್ಚಿದವರಲ್ಲಿ ಸೋವಿಯತ್ ಎಸ್ಪೆರಾಂಟೊ ಚಳುವಳಿಯ ನಾಯಕನೂ ಇಂಜಿನಿಯರನೂ ಆದ ಎರ್ನೆಸ್ಟ್ ದ್ರೆಜೆನ್ ಮುಖ್ಯನು. 1935ರಲ್ಲಿ ಅದರ ರಷ್ಯನ್ ಅನುವಾದ ಹೊರಬಂದಿತು. ಅವನ ಪ್ರಯತ್ನದಿಂದ 1936ರಲ್ಲಿ ಪಾರಿಭಾಷಿಕ ಪದಗಳಿಗಾಗಿ ಅಂತರರಾಷ್ಟ್ರೀಯ ಸಮಿತಿಯೊಂದು ಏರ್ಪಟ್ಟಿತು. ಮರುವರ್ಷವೇ, ಸ್ಟಾಲಿನ್ನನ ಕಾಲದ ದಮನದಲ್ಲಿ, ದ್ರೆಜೆನ್ ಗುಂಡಿಗೆ ಬಲಿಯಾದನು. ಜನಾಂಗಗಳನ್ನು ಬೆಸೆಯಲು ಹೊರಟವರು ಹಲವರು ಆ ದಶಕದಲ್ಲಿ ಸಂಶಯಕ್ಕೆ ಗುರಿಯಾಗಿ ಮಡಿದರು.

ಯುದ್ಧಾನಂತರ ಆ ಕಾರ್ಯಕ್ಕೆ ಅಂತರರಾಷ್ಟ್ರೀಯ ಮಾನಕ ಸಂಸ್ಥೆಯ ಮೂವತ್ತೇಳನೆಯ ಸಮಿತಿ ಮರುಜೀವ ಕೊಟ್ಟಿತು. ವ್ಯೂಸ್ಟರ್ ತನ್ನ ಕುಟುಂಬದ ಕಾರ್ಖಾನೆಯನ್ನು ನಡೆಸುತ್ತಲೇ ಸಮಿತಿಯ ಕಾರ್ಯಭಾರವನ್ನೂ ಹೊತ್ತನು. 1968ರಲ್ಲಿ ಅವನು ಸಿದ್ಧಪಡಿಸಿದ ಯಂತ್ರೋಪಕರಣಗಳ ಇಂಗ್ಲಿಷ್–ಫ್ರೆಂಚ್ ನಿಘಂಟು ಹೊರಬಂದಿತು. ಅದರಲ್ಲಿ ಪದಗಳನ್ನು ಅಕಾರಾದಿಯಾಗಿ ಅಲ್ಲ, ಪರಿಕಲ್ಪನೆಗಳ ಸಂಬಂಧಕ್ಕೆ ಅನುಗುಣವಾಗಿ ಜೋಡಿಸಲಾಗಿತ್ತು. 1977ರಲ್ಲಿ ಆತ ತೀರಿಕೊಂಡನು.

ಎಸ್ಪೆರಾಂಟೊ ಜಗತ್ತಿನ ಎರಡನೆಯ ಭಾಷೆಯಾಗಲಿಲ್ಲ. ಆದರೆ ಅದರ ಮೇಲಣ ಒಬ್ಬ ಹುಡುಗನ ಒಲವು ಪಾರಿಭಾಷಿಕ ಪದಗಳ ಶಾಸ್ತ್ರವೊಂದಕ್ಕೆ ತಳಹದಿಯಾಯಿತು. ಆ ಸಮಿತಿ ಇಂದಿಗೂ ಕಾರ್ಯನಿರತವಾಗಿದೆ. ಹೊಸ ಪಾರಿಭಾಷಿಕ ಪದವೊಂದು ಎದುರಾದಾಗ ಅದನ್ನು ಬಾಯಿಪಾಠ ಮಾಡುವ ಮೊದಲು, ಅದು ಏನನ್ನು ಒಳಗೊಳ್ಳುತ್ತದೆ, ಏನನ್ನು ಹೊರಗಿಡುತ್ತದೆ ಎಂದು ನಾವು ಕೇಳಿಕೊಂಡರೆ, ವ್ಯೂಸ್ಟರನ ದಾರಿಯಲ್ಲಿಯೇ ಒಂದು ಹೆಜ್ಜೆ ನಡೆದಂತಾಗುತ್ತದೆ.